ಮೊದಲು ನಿಯಮ, ಆಮೇಲೆ ಕಿಟ್: ಕೆಲಸದ ಜಾಗದಲ್ಲಿ ನಶೆ ತಪಾಸಣೆ

ಕೆಲಸದ ಜಾಗದಲ್ಲಿ ನಶೆ ತಪಾಸಣೆ ಎಂದರೆ ಅಂಗಡಿಯಿಂದ ಊದುವ ಯಂತ್ರವೊಂದನ್ನೋ ಮೂತ್ರ ಪರೀಕ್ಷೆಯ ಕಿಟ್ಟನ್ನೋ ತಂದು ಕಾರ್ಮಿಕರ ಮುಂದೆ ಹಿಡಿಯುವುದು ಎಂದು ಬಹಳ ಮಾಲೀಕರು ತಿಳಿದಿದ್ದಾರೆ. ಯಂತ್ರ, ಕಿಟ್ಟುಗಳ ಪಾತ್ರ ಅದರಲ್ಲಿ ತೀರಾ ಸಣ್ಣದು. ಯಾರನ್ನು, ಯಾವಾಗ, ಯಾವ ಕಾರಣಕ್ಕೆ ಪರೀಕ್ಷಿಸಬೇಕು ಎಂಬ ಲಿಖಿತ ನಿಯಮ ಮೊದಲು ಬೇಕು. ಮಾದರಿ ಅದಲು ಬದಲಾಗದಂತೆ ಸಾಗಿಸುವ ಕ್ರಮ ಬೇಕು. ಫಲಿತಾಂಶವನ್ನು ಓದಬಲ್ಲ ವೈದ್ಯರು ಬೇಕು. ಸಿಕ್ಕಿಬಿದ್ದವನನ್ನು ಮುಂದೇನು ಮಾಡಬೇಕು ಎಂಬುದು ಅವನು ಸಿಕ್ಕಿಬೀಳುವ ಮೊದಲೇ ತೀರ್ಮಾನವಾಗಿರಬೇಕು. ಇಷ್ಟೂ ಸೇರಿದಾಗ ಅದು ಒಂದು ವ್ಯವಸ್ಥೆ. ಇವಿಲ್ಲದೆ ನಡೆಸಿದ ಪರೀಕ್ಷೆ ಮಾಲೀಕನಿಗೆ ನ್ಯಾಯಾಲಯದಲ್ಲಿ ನೆರವಾಗದು, ಕಾರ್ಮಿಕನ ಜೀವವನ್ನೂ ಉಳಿಸದು.

ಕಲಬುರಗಿ ಮತ್ತು ಕಮಲಾಪುರದ ನಡುವೆ ಮಹಾಗಾಂವದ ಮೇಲೆ ಹಾದು ಹುಮನಾಬಾದ್ ಕಡೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 50ರಲ್ಲಿ ಈ ವಿಷಯಕ್ಕೆ ನೇರ ಅರ್ಥವಿದೆ. ಜಲ್ಲಿ ಹೇರಿದ ಟಿಪ್ಪರು, ತೊಗರಿ ಚೀಲದ ಲಾರಿ, ಶಾಲಾ ಮಕ್ಕಳ ವ್ಯಾನು, ಹೈದರಾಬಾದಿನ ಸ್ಲೀಪರ್ ಬಸ್ಸು ಎಲ್ಲವೂ ಅದೇ ರಸ್ತೆಯಲ್ಲಿ ಓಡುತ್ತವೆ. ಜಿಲ್ಲೆಯ ಇನ್ನೊಂದು ಕಡೆ ವಾಡಿ, ಮಳಖೇಡ, ಸೇಡಂನಲ್ಲಿ ಸಿಮೆಂಟ್ ಕಾರ್ಖಾನೆಗಳೂ ಸುಣ್ಣದಕಲ್ಲಿನ ಗಣಿಗಳೂ ಇವೆ. ಕಲಬುರಗಿ ಸುತ್ತ ದಾಲ್ ಮಿಲ್ಲುಗಳಿವೆ. ಕನ್ವೇಯರ್ ಬೆಲ್ಟಿನ ಪಕ್ಕದಲ್ಲಿ, ಕ್ರಷರ್ ದವಡೆಯ ಮೇಲೆ, ಡಂಪರಿನ ಸ್ಟೇರಿಂಗ್ ಹಿಂದೆ ಕೂತವನ ಕೈ ಒಂದು ಕ್ಷಣ ತಡವಾದರೆ ಸಾಯುವವನು ಹಲವು ಸಲ ಪಕ್ಕದವನು. ಕೆಲಸದ ಜಾಗದಲ್ಲಿ ತಪಾಸಣೆಯನ್ನು ಸಮರ್ಥಿಸುವ ಗಟ್ಟಿಯಾದ ಕಾರಣ ಇದೊಂದೇ. ನೌಕರ ರಜಾದಿನದಲ್ಲಿ ಹೇಗಿರುತ್ತಾನೆ ಎಂದು ಕಾಯುವುದು ಮಾಲೀಕನ ಕೆಲಸವಲ್ಲ.

ಯಾವ ವಸ್ತುವಿಗಾಗಿ ಪರೀಕ್ಷೆ ಎಂಬುದನ್ನು ಊರು ನೋಡಿ ತೀರ್ಮಾನಿಸಬೇಕು. ಕೇಂದ್ರದ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆ ದೇಶದಲ್ಲಿ 10ರಿಂದ 75 ವರ್ಷದವರ ಪೈಕಿ ಶೇ 14.6ರಷ್ಟು ಜನ ಮದ್ಯ ಸೇವಿಸುತ್ತಾರೆ, ಶೇ 2.8ರಷ್ಟು ಜನ ಗಾಂಜಾ, ಚರಸ್ ಅಥವಾ ಭಂಗಿ ಬಳಸುತ್ತಾರೆ, ಶೇ 2ರ ಆಸುಪಾಸಿನವರು ಅಫೀಮು ವರ್ಗದ ವಸ್ತು ಬಳಸುತ್ತಾರೆ ಎಂದು ಲೆಕ್ಕ ಕೊಟ್ಟಿತು. ಹಾಗಾಗಿ ಮೊದಲ ಚಿಂತೆ ಮದ್ಯ. ಎರಡನೆಯದು ಗಾಂಜಾ. 2020ರ ಸೆಪ್ಟೆಂಬರ್‌ನಲ್ಲಿ ಕಾಳಗಿ ತಾಲ್ಲೂಕಿನ ಕುರಿ ಫಾರ್ಮೊಂದರ ನೆಲದಡಿಯಿಂದ ಬೆಂಗಳೂರು ಪೊಲೀಸರು ಸುಮಾರು 1,350 ಕೆ.ಜಿ. ಗಾಂಜಾ ತೆಗೆದರು. 2022ರ ಸೆಪ್ಟೆಂಬರ್‌ನಲ್ಲಿ ಗಾಂಜಾ ಬೆಳೆಗಾರರ ಬೆನ್ನು ಹತ್ತಿ ಮಹಾರಾಷ್ಟ್ರದ ಗಡಿಗೆ ಹೋದ ಕಮಲಾಪುರದ ಸರ್ಕಲ್ ಇನ್‌ಸ್ಪೆಕ್ಟರ್ ಮೇಲೆ ಗುಂಪೊಂದು ಎರಗಿ ಅವರನ್ನು ಸಾವಿನಂಚಿಗೆ ತಳ್ಳಿತು. ಗಾಂಜಾ ದೊಡ್ಡ ಊರಿನ ಕಾಲೇಜು ಹುಡುಗರ ಚಟ ಎಂದು ಈ ಭಾಗದ ಮಾಲೀಕರು ಕೈಕಟ್ಟಿ ಕೂರುವಂತಿಲ್ಲ.

ಮೂರನೆಯದು ಬೇರೆ ಊರಿನವರಿಗೆ ಗೊತ್ತಾಗದ ಸಂಗತಿ. ಸೇಂದಿ ಮಾರಾಟ ಈ ಭಾಗದಲ್ಲಿ ನಿಷೇಧವಾಗಿದ್ದರೂ ಕಲಬುರಗಿ, ರಾಯಚೂರು ಜಿಲ್ಲೆಗಳಲ್ಲಿ ಕಳ್ಳದಾರಿಯ ಸೇಂದಿ ಪದೇ ಪದೇ ಸಿಕ್ಕಿಬೀಳುತ್ತದೆ. ಅದರಲ್ಲಿ ಈಚಲ ಮರದ ರಸ ಇರುವುದು ಅಪರೂಪ. ನೀರಿಗೆ ಸಿಎಚ್ ಪೌಡರ್, ಅಂದರೆ ಕ್ಲೋರಲ್ ಹೈಡ್ರೇಟ್ ಎಂಬ ನಿದ್ದೆ ಬರಿಸುವ ರಾಸಾಯನಿಕ, ಕಲಸಿ ಮಾರುತ್ತಾರೆ. ಗಡಿಯಾಚೆ ತೆಲಂಗಾಣದಲ್ಲಿ ಆಲ್ಪ್ರಜೋಲಮ್, ಡೈಯಾಜೆಪಮ್ ಗುಳಿಗೆಗಳ ಪುಡಿಯೂ ಬೆರೆಯುತ್ತದೆ. ಇದನ್ನು ಕುಡಿದು ಪಾಳಿಗೆ ಬಂದವನು ಊದುವ ಯಂತ್ರದ ಮುಂದೆ ಸೊನ್ನೆ ತೋರಿಸಬಹುದು. ಗಾಂಜಾ, ಅಫೀಮು, ಕೊಕೇನ್ ಮಾತ್ರ ನೋಡುವ ಮೂತ್ರದ ಕಿಟ್ಟಿನಲ್ಲೂ ಅವನು ಪಾರಾಗುತ್ತಾನೆ. ಗುಳಿಗೆಯ ಪುಡಿಯನ್ನು ಹಿಡಿಯಲು ಬೆಂಜೋಡಯಾಜಪಿನ್ ವರ್ಗವೂ ಕಿಟ್ಟಿನಲ್ಲಿ ಇರಬೇಕು. ಕ್ಲೋರಲ್ ಹೈಡ್ರೇಟಂತೂ ಮಾಮೂಲಿ ಕಿಟ್ಟಿಗೆ ಸಿಗುವುದೇ ಇಲ್ಲ, ಅದಕ್ಕೆ ಪ್ರಯೋಗಾಲಯದಲ್ಲಿ ಪ್ರತ್ಯೇಕ ಪರೀಕ್ಷೆ ಬೇಕು. ಪಟ್ಟಣದ ಸಾಫ್ಟ್‌ವೇರ್ ಕಂಪನಿಗೆಂದು ಸಿದ್ಧವಾದ ಪರೀಕ್ಷಾ ಪಟ್ಟಿಯನ್ನು ಕಲಬುರಗಿಯ ಕಾರ್ಖಾನೆ ಹಾಗೆಯೇ ಎತ್ತಿಕೊಂಡರೆ ಊರಿನ ನಿಜವಾದ ನಶೆ ತಪ್ಪಿಸಿಕೊಳ್ಳುತ್ತದೆ.

ಈ ಬಗೆಯ ತಪಾಸಣೆಯ ಹುಟ್ಟು ಅಮೆರಿಕದಲ್ಲಿ. 1986ರಲ್ಲಿ ಅಧ್ಯಕ್ಷ ರೇಗನ್ ಕೇಂದ್ರ ಸರ್ಕಾರದ ನೌಕರರಿಗೆ ಅದನ್ನು ಆದೇಶದ ಮೂಲಕ ತಂದರು. ಮರುವರ್ಷ, 1987ರ ಜನವರಿ 4ರಂದು, ಮೇರಿಲ್ಯಾಂಡ್ ರಾಜ್ಯದ ಚೇಸ್ ಎಂಬಲ್ಲಿ ಗಾಂಜಾ ಸೇದಿದ್ದ ಸಿಬ್ಬಂದಿ ಓಡಿಸುತ್ತಿದ್ದ ಎಂಜಿನ್ನುಗಳು ಸಿಗ್ನಲ್ ಮೀರಿ ಪ್ರಯಾಣಿಕರ ರೈಲಿನ ದಾರಿಗೆ ಬಂದು 16 ಜನ ಸತ್ತರು. ಅದರ ಪರಿಣಾಮವಾಗಿ 1991ರ ಕಾಯ್ದೆ ರೈಲು, ವಿಮಾನ, ಲಾರಿ ಚಾಲಕರಿಗೆ ಪರೀಕ್ಷೆಯನ್ನು ಕಡ್ಡಾಯ ಮಾಡಿತು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1996ರಲ್ಲಿ ತಂದ ಸಂಹಿತೆ ಇನ್ನೊಂದು ದಾರಿ ತೋರಿಸಿತು. ಮದ್ಯ, ಮಾದಕ ವಸ್ತುಗಳ ಸಮಸ್ಯೆಯನ್ನು ಆರೋಗ್ಯದ ಸಮಸ್ಯೆ ಎಂದು ನೋಡಬೇಕು, ಕೆಲಸದಲ್ಲಿರುವ ಬೇರೆ ಯಾವ ಕಾಯಿಲೆಯಂತೆಯೇ ಅದನ್ನೂ ನಡೆಸಿಕೊಳ್ಳಬೇಕು ಎಂಬುದು ಅದರ ತಿರುಳು. ಭಾರತದಲ್ಲಿ ಪೂರ್ಣ ರೂಪದ ನಿಯಮ ಇರುವುದು ವಿಮಾನಯಾನದಲ್ಲಿ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ನಿಯಮ 2022ರ ಜನವರಿ 31ರಿಂದ ಜಾರಿಯಲ್ಲಿದೆ. ಪೈಲಟ್‌ಗಳು, ವಿಮಾನ ಸಂಚಾರ ನಿಯಂತ್ರಕರ ಪೈಕಿ ವರ್ಷಕ್ಕೆ ಕನಿಷ್ಠ ಶೇ 10ರಷ್ಟು ಜನರನ್ನು ಯಾದೃಚ್ಛಿಕವಾಗಿ ಆರಿಸಿ ಆಂಫೆಟಮಿನ್, ಅಫೀಮು ವರ್ಗ, ಗಾಂಜಾ, ಕೊಕೇನ್, ಬಾರ್ಬಿಚುರೇಟ್, ಬೆಂಜೋಡಯಾಜಪಿನ್ ಈ ಆರು ಬಗೆಗೆ ಮೂತ್ರ ಪರೀಕ್ಷೆ ಮಾಡಬೇಕು. ರೈಲ್ವೆಯಲ್ಲಿ ಲೋಕೊ ಪೈಲಟ್ ಪಾಳಿಗೆ ಸಹಿ ಹಾಕುವಾಗಲೇ ಊದಿ ತೋರಿಸುತ್ತಾನೆ.

ಉಳಿದ ಉದ್ಯಮಗಳಿಗೆ ಇಂಥ ಸಿದ್ಧ ನಿಯಮ ಇಲ್ಲ. ಖಾಸಗಿ ಮಾಲೀಕ ತನ್ನ ಎಲ್ಲ ನೌಕರರ ಮೂತ್ರ ಪರೀಕ್ಷೆ ಮಾಡಲೇಬೇಕು ಎಂದು ಹೇಳುವ ಸಾಮಾನ್ಯ ಕಾಯ್ದೆ ಭಾರತದಲ್ಲಿಲ್ಲ, ಮಾಡಲೇಕೂಡದು ಎಂಬುದೂ ಇಲ್ಲ. ಈ ಖಾಲಿ ಜಾಗದಲ್ಲಿ ಮಾಲೀಕ ತನ್ನ ವ್ಯವಸ್ಥೆಯನ್ನು ಬೇರೆ ಬೇರೆ ಕಾಯ್ದೆಗಳ ತುಂಡುಗಳನ್ನು ಜೋಡಿಸಿ ಕಟ್ಟಿಕೊಳ್ಳಬೇಕು. ತಳಪಾಯ ಖಾಸಗಿತನದ ತೀರ್ಪು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹೂಡಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕು ಎಂದು ಸಾರಿತು. ಅದಕ್ಕೆ ಕೈಹಾಕುವವರು ಕಾನೂನಿನ ಆಧಾರ, ನ್ಯಾಯಬದ್ಧ ಉದ್ದೇಶ ತೋರಿಸಬೇಕು, ಉದ್ದೇಶಕ್ಕೆ ಬೇಕಾದಷ್ಟು ಮಾತ್ರ ಕೈಹಾಕಬೇಕು ಎಂಬ ಅಳತೆಗೋಲನ್ನೂ ಕೊಟ್ಟಿತು. ಅದಕ್ಕೂ ಮುಂಚೆ 2010ರ ಮೇ 5ರಂದು, ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ, ಆರೋಪಿಯ ಒಪ್ಪಿಗೆಯಿಲ್ಲದೆ ಮಂಪರು ಪರೀಕ್ಷೆ ನಡೆಸುವುದು ಸಂವಿಧಾನಕ್ಕೆ ವಿರುದ್ಧ ಎಂದು ಅದೇ ನ್ಯಾಯಾಲಯ ಹೇಳಿತ್ತು. ಅದು ಅಪರಾಧ ತನಿಖೆಯ ಮಾತು, ಮೂತ್ರದ ಮಾದರಿಯ ಮಾತಲ್ಲ. ಆದರೆ ಪೊಲೀಸರಿಗೇ ಒಬ್ಬನ ಮನಸ್ಸಿನೊಳಕ್ಕೆ ಬಲವಂತವಾಗಿ ಇಳಿಯುವ ಅಧಿಕಾರ ಇಲ್ಲದಿರುವಾಗ, ಕ್ರಷರ್ ಮಾಲೀಕನಿಗೆ ಡ್ರೈವರನ ರಕ್ತ ಹಿಡಿದು ತೆಗೆಸುವ ಅಧಿಕಾರ ಎಲ್ಲಿಂದ ಬರಬೇಕು? ಒಪ್ಪಿಗೆ ಬರೆಸಿಕೊಳ್ಳಬೇಕು. ಒಪ್ಪದಿದ್ದರೆ ಏನಾಗುತ್ತದೆ ಎಂಬುದು ನಿಯಮದಲ್ಲಿ ಮೊದಲೇ ಬರೆದಿರಬೇಕು.

ನಿಯಮ ತರುವ ದಾರಿಯೂ ಕಾನೂನಿನಲ್ಲೇ ಇದೆ. 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಕೈಗಾರಿಕಾ ಸಂಬಂಧಗಳ ಸಂಹಿತೆಯ ಪ್ರಕಾರ 300 ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಡೆ ಸ್ಥಾಯಿ ಆದೇಶ, ಅಂದರೆ ಕೆಲಸದ ಷರತ್ತುಗಳ ಲಿಖಿತ ನಿಯಮಾವಳಿ, ಬೇಕು. ನಶೆಯಲ್ಲಿ ಕೆಲಸಕ್ಕೆ ಬರುವುದು, ಪರೀಕ್ಷೆಗೆ ನಿರಾಕರಿಸುವುದು ದುರ್ನಡತೆ ಎಂದು ಎಣಿಸಬೇಕಿದ್ದರೆ ಅದು ಅಲ್ಲಿ ಇರಬೇಕು. ಹೊಸ ಶಿಸ್ತಿನ ನಿಯಮವನ್ನು ರಾತ್ರೋರಾತ್ರಿ ಗೇಟಿಗೆ ಅಂಟಿಸುವಂತಿಲ್ಲ. ಅದು ಸೇವಾ ಷರತ್ತಿನ ಬದಲಾವಣೆ, ಬಾಧಿತರಾಗುವ ಕಾರ್ಮಿಕರಿಗೆ ಮುಂಚೆಯೇ 21 ದಿನದ ನೋಟಿಸು ಬೇಕು. 1947ರ ಕೈಗಾರಿಕಾ ವಿವಾದ ಕಾಯ್ದೆಯ 9ಎ ಕಲಮಿನಲ್ಲಿದ್ದ ಈ ರಕ್ಷಣೆ ಹೊಸ ಸಂಹಿತೆಯಲ್ಲೂ ಉಳಿದಿದೆ. ಸಂಘವಿದ್ದರೆ ಮುಖಂಡರನ್ನು ಕೂರಿಸಿಕೊಂಡು ಕರಡು ಓದಿಸುವುದು ಒಳ್ಳೆಯದು. ಕಾನೂನು ಕೇಳುತ್ತದೋ ಇಲ್ಲವೋ, ಮುಂದೆ ಗೇಟಿನಲ್ಲಿ ಜಗಳ ತಪ್ಪುತ್ತದೆ. ಕಾರ್ಮಿಕರು ಓದುವ ಭಾಷೆಯಲ್ಲೇ ಅದು ಇರಬೇಕು. ಇಂಗ್ಲಿಷ್ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡದ್ದನ್ನು ಒಪ್ಪಿಗೆ ಎಂದು ಕರೆಯಲಾಗದು. ಕನ್ನಡದ ಜೊತೆಗೆ ಈ ಭಾಗದಲ್ಲಿ ಹಿಂದಿ, ಉರ್ದು, ತೆಲುಗು ಪ್ರತಿಯೂ ಬೇಕಾಗಬಹುದು.

ಮಾಲೀಕರು ಬಾಯಿಮಾತಿನಲ್ಲಿ ಹೇಳಿಕೊಂಡು ತಿರುಗುವ ಎರಡು ತಪ್ಪು ತಿಳಿವಳಿಕೆಗಳನ್ನು ಇಲ್ಲೇ ತಿದ್ದಬೇಕು. ಮೊದಲನೆಯದು, ವಾಸನೆ ಬಂದರೆ ಸಾಕು, ಕುಡಿದಿದ್ದಾನೆ ಎಂದು ಕೆಲಸದಿಂದ ತೆಗೆಯಬಹುದು ಎಂಬುದು. ಬಚ್ಚೂಭಾಯಿ ಕರ್ಯಾನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1971ರಲ್ಲೇ ಹೇಳಿದಂತೆ ಬಾಯಿಯ ವಾಸನೆ, ತೂರಾಡುವ ನಡಿಗೆ, ಹಿಗ್ಗಿದ ಕಣ್ಣಪಾಪೆ ಇವಿಷ್ಟರಿಂದ, ರಕ್ತ ಅಥವಾ ಮೂತ್ರದ ಪರೀಕ್ಷೆಯಿಲ್ಲದೆ, ಒಬ್ಬನು ಮತ್ತನಾಗಿದ್ದ ಎಂದು ಖಚಿತವಾಗಿ ತೀರ್ಮಾನಿಸಲಾಗದು. ಇಲಾಖಾ ವಿಚಾರಣೆಗಳಲ್ಲಿ ಕಾರ್ಮಿಕರ ಪರ ವಕೀಲರು ಈ ತೀರ್ಪನ್ನು ಇಂದಿಗೂ ಎತ್ತುತ್ತಾರೆ. ಎರಡನೆಯದು, ನಶೆಯಲ್ಲಿದ್ದವನಿಗೆ ಅಪಘಾತವಾದರೆ ಪರಿಹಾರ ಕೊಡಬೇಕಾಗಿಲ್ಲ ಎಂಬುದು. 1923ರ ನೌಕರರ ಪರಿಹಾರ ಕಾಯ್ದೆಯಲ್ಲಿದ್ದು ಈಗ ಸಾಮಾಜಿಕ ಭದ್ರತಾ ಸಂಹಿತೆಗೆ ಬಂದಿರುವ ವಿನಾಯಿತಿ ನೇರವಾಗಿ ನಶೆಯಿಂದಲೇ ಆದ ಗಾಯಕ್ಕೆ ಸೀಮಿತ. ಕಾರ್ಮಿಕ ಸತ್ತರೆ ಅಥವಾ ಶಾಶ್ವತವಾಗಿ ಪೂರ್ಣ ಅಂಗವಿಕಲನಾದರೆ ಆ ವಿನಾಯಿತಿ ಅನ್ವಯಿಸುವುದಿಲ್ಲ. ಅಂದರೆ ದೊಡ್ಡ ಅನಾಹುತದಲ್ಲಿ ಮಾಲೀಕನ ಹೊಣೆ ಹಾಗೆಯೇ ಉಳಿಯುತ್ತದೆ. ಹಣದ ಲೆಕ್ಕವನ್ನೇ ನೋಡುವ ಮಾಲೀಕನೂ ಅಪಘಾತವಾದ ಮೇಲೆ ತಪ್ಪು ಹುಡುಕುವುದಕ್ಕಿಂತ ಮೊದಲೇ ತಡೆಯುವುದರಲ್ಲಿ ಲಾಭ ಕಾಣಬೇಕು.

ನಿಯಮ ಬರೆಯುವಾಗ ಮೊದಲ ಸಾಲು ಯಾರಿಗೆ ಅನ್ವಯ ಎಂಬುದು. ಸುರಕ್ಷತೆಗೆ ಸೂಕ್ಷ್ಮವಾದ ಹುದ್ದೆಗಳನ್ನು ಹೆಸರಿಸಬೇಕು: ಚಾಲಕ, ಕ್ರೇನ್ ಆಪರೇಟರ್, ಸ್ಫೋಟಕ ಇಡುವವನು, ಬಾಯ್ಲರ್ ನೋಡುವವನು, ಎತ್ತರದಲ್ಲಿ ಕೆಲಸ ಮಾಡುವವನು, ವಿದ್ಯುತ್ ಲೈನ್ ಮುಟ್ಟುವವನು. ಲೆಕ್ಕ ಬರೆಯುವ ಗುಮಾಸ್ತನನ್ನು ಯಾದೃಚ್ಛಿಕ ಪರೀಕ್ಷೆಗೆ ಎಳೆದರೆ ಪುಟ್ಟಸ್ವಾಮಿ ತೀರ್ಪಿನ ಅಳತೆಯಲ್ಲಿ ಅದು ನಿಲ್ಲುವುದು ಕಷ್ಟ. ಇನ್ನೊಂದು ಅನ್ಯಾಯ ಹೆಚ್ಚು ಕಣ್ಣಿಗೆ ಬೀಳುವಂಥದು. ಗುತ್ತಿಗೆ ಕಾರ್ಮಿಕರನ್ನು ಸಾಲು ನಿಲ್ಲಿಸಿ ಊದಿಸುವ ಕಡೆ ಅದೇ ಗಣಿಯೊಳಗೆ ಜೀಪು ಓಡಿಸುವ ಮ್ಯಾನೇಜರನ್ನು ಕೇಳುವವರಿಲ್ಲ. ಅಪಾಯ ಹುದ್ದೆಯಿಂದ ಬರುತ್ತದೆ, ಸಂಬಳದ ಪಟ್ಟಿಯಿಂದಲ್ಲ. ಮ್ಯಾನೇಜರ್ ಮೊದಲು ಊದಿದರೆ ಉಳಿದವರು ಗೊಣಗದೆ ಊದುತ್ತಾರೆ.

ಯಾವಾಗ ಪರೀಕ್ಷೆ ಎಂಬುದು ಎರಡನೆಯ ಸಾಲು. ಕೆಲಸಕ್ಕೆ ಸೇರಿಸಿಕೊಳ್ಳುವಾಗ ನಡೆಸುವ ಪರೀಕ್ಷೆ ಸುಲಭ, ಉಪಯೋಗ ಕಡಿಮೆ. ದಿನಾಂಕ ಗೊತ್ತಿರುವವನು ಒಂದು ವಾರ ಸುಮ್ಮನಿರುತ್ತಾನೆ. ಯಾದೃಚ್ಛಿಕ ಪರೀಕ್ಷೆಗೆ ತಡೆಯುವ ಶಕ್ತಿ ಇದೆ, ಆದರೆ ಹೆಸರು ಆರಿಸುವುದು ಮೇಸ್ತ್ರಿಯ ಕೈಯಲ್ಲಿ ಇರಕೂಡದು. ಇದ್ದರೆ ಸಂಘದ ಮುಖಂಡನ ಹೆಸರೇ ತಿಂಗಳಿಗೆರಡು ಸಲ ಬರುತ್ತದೆ. ಟೋಕನ್ ಸಂಖ್ಯೆಗಳ ಚೀಟಿ ಎತ್ತುವುದು ಅಥವಾ ಕಂಪ್ಯೂಟರಿನಿಂದ ಆರಿಸುವುದು, ಎರಡನ್ನೂ ಕಾರ್ಮಿಕ ಪ್ರತಿನಿಧಿಯ ಮುಂದೆ ಮಾಡುವುದು ಸರಿಯಾದ ಕ್ರಮ. ಅನುಮಾನದ ಮೇಲೆ ಪರೀಕ್ಷಿಸುವುದಾದರೆ ಇಬ್ಬರು ಮೇಲ್ವಿಚಾರಕರು ಕಂಡದ್ದನ್ನು ಕಂಡ ಹಾಗೆ ಬರೆದಿಡಬೇಕು: ತೊದಲು ಮಾತು, ತೂಕಡಿಕೆ, ಗೇರ್ ತಪ್ಪಿಸಿದ್ದು, ಗಂಟೆ, ಜಾಗ. ಸಕ್ಕರೆ ಕಾಯಿಲೆಯವನಿಗೆ ಸಕ್ಕರೆ ಅಂಶ ಇಳಿದಾಗಲೂ ತೊದಲು, ತೂರಾಟ, ಬೆವರು ಬರುತ್ತವೆ. ಹಾಗಾಗಿ ಅನುಮಾನ ಬಂದವನನ್ನು ಮೊದಲು ಮುಟ್ಟಬೇಕಾದವನು ಕಾವಲುಗಾರನಲ್ಲ, ಪ್ರಥಮ ಚಿಕಿತ್ಸೆ ತಿಳಿದವನು. ಅಪಘಾತದ ನಂತರದ ಪರೀಕ್ಷೆ ಗಾಯಾಳುವಿನ ಚಿಕಿತ್ಸೆಯನ್ನು ತಡ ಮಾಡಬಾರದು, ಮದ್ಯ ಮೈಯಿಂದ ಇಳಿದು ಹೋಗುವಷ್ಟು ತಡವೂ ಆಗಬಾರದು.

ಮದ್ಯದ ಲೆಕ್ಕ ತಿಳಿದರೆ ಬೆಳಗಿನ ಪಾಳಿಯ ಅಪಾಯ ಅರ್ಥವಾಗುತ್ತದೆ. ರಕ್ತದಲ್ಲಿರುವ ಮದ್ಯ ಸಾಮಾನ್ಯವಾಗಿ ಗಂಟೆಗೆ 100 ಮಿಲಿಲೀಟರಿಗೆ 15 ಮಿಲಿಗ್ರಾಮಿನ ಆಸುಪಾಸಿನಲ್ಲಿ ಇಳಿಯುತ್ತದೆ. ಜಾತ್ರೆಯ ರಾತ್ರಿ 11 ಗಂಟೆಗೆ 150 ಮಿಲಿಗ್ರಾಂ ಮುಟ್ಟುವಷ್ಟು ಕುಡಿದು ಮಲಗಿದವನು ಬೆಳಿಗ್ಗೆ 6ಕ್ಕೆ ಮುಖ ತೊಳೆದು, ಚಹಾ ಕುಡಿದು, ತನಗೇನೂ ಇಲ್ಲ ಎಂದುಕೊಂಡು ಟಿಪ್ಪರ್ ಹತ್ತುವಾಗ ಅವನ ರಕ್ತದಲ್ಲಿ ಇನ್ನೂ ಸುಮಾರು 45 ಮಿಲಿಗ್ರಾಂ ಇರುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ 185ನೇ ಕಲಂ ಹಾಕಿರುವ ಗೆರೆ 30. ಅದನ್ನು ದಾಟಿದವನಿಗೆ ಮೊದಲ ಸಲ ಆರು ತಿಂಗಳವರೆಗೆ ಜೈಲು ಅಥವಾ 10,000 ರೂಪಾಯಿ ದಂಡ ಅಥವಾ ಎರಡೂ ಆಗಬಹುದು. ಕುಡಿದದ್ದು ನಿನ್ನೆ ಎಂಬ ಮಾತು ನಿಜವಿದ್ದರೂ ಆ ಗೆರೆ ಬದಲಾಗುವುದಿಲ್ಲ.

ಊದುವ ಪರೀಕ್ಷೆ ಸರಳ ಕಂಡರೂ ಅದಕ್ಕೊಂದು ಶಿಸ್ತಿದೆ. ಪ್ರತಿಯೊಬ್ಬನಿಗೂ ಹೊಸ ನಳಿಕೆಯನ್ನು ಅವನ ಕಣ್ಣೆದುರೇ ಪ್ಯಾಕೆಟ್ ಒಡೆದು ಹಾಕಬೇಕು. ಯಂತ್ರ ಮೊದಲು ಸೊನ್ನೆ ತೋರಿಸುವುದನ್ನು ಅವನಿಗೂ ತೋರಿಸಬೇಕು. ಕೆಮ್ಮಿನ ಟಾನಿಕ್, ಬಾಯಿ ಮುಕ್ಕಳಿಸುವ ದ್ರವಗಳಲ್ಲಿ ಮದ್ಯಸಾರ ಇರಬಹುದು. ಅದು ಬಾಯಿಯಲ್ಲಿ ಉಳಿದಿದ್ದರೆ ಯಂತ್ರ ತಪ್ಪಾಗಿ ಏರುತ್ತದೆ. ಅದಕ್ಕೇ ಮೊದಲ ಸಲ ಮದ್ಯ ತೋರಿದರೆ ನೀರಿನಿಂದ ಬಾಯಿ ಮುಕ್ಕಳಿಸಲು ಹೇಳಿ, 15 ನಿಮಿಷ ಏನೂ ತಿನ್ನದೆ ಕುಡಿಯದೆ ಕೂರಿಸಿ, ಎರಡನೆಯ ಸಲ ಊದಿಸಬೇಕು. ಎರಡನೆಯದೇ ಲೆಕ್ಕ. ಎರಡರ ಚೀಟಿಯೂ ಗಂಟೆ, ಯಂತ್ರದ ಸಂಖ್ಯೆ, ಇಬ್ಬರ ಸಹಿಯೊಂದಿಗೆ ಕಡತದಲ್ಲಿ ಇರಬೇಕು. ಯಂತ್ರವನ್ನು ತಯಾರಕ ಹೇಳಿದ ಅವಧಿಗೆ ಸರಿಯಾಗಿ ಕ್ಯಾಲಿಬ್ರೇಷನ್ ಮಾಡಿಸಿರಬೇಕು. ವಿಚಾರಣೆಯಲ್ಲಿ ವಕೀಲ ಕೇಳುವ ಮೊದಲ ಕಾಗದವೇ ಅದರ ಪ್ರಮಾಣಪತ್ರ.

ಮೂತ್ರದ ಮಾದರಿ ಪಡೆಯುವುದು ಇನ್ನೂ ನಾಜೂಕಿನ ಕೆಲಸ. ಪರೀಕ್ಷೆಗೆ ಗೊತ್ತು ಮಾಡಿದ ಶೌಚಾಲಯದ ನಲ್ಲಿ ಬಂದ್ ಮಾಡಿ, ಬಕೆಟ್ಟು ತಂಬಿಗೆಗಳನ್ನು ಹೊರಗಿಟ್ಟು, ಫ್ಲಶ್ ತೊಟ್ಟಿಯ ನೀರಿಗೆ ನೀಲಿ ಬಣ್ಣ ಹಾಕುತ್ತಾರೆ, ಮಾದರಿಗೆ ನೀರು ಬೆರೆಸಲು ಬಾರದಿರಲಿ ಎಂದು. ಗುರುತಿನ ಚೀಟಿ ನೋಡಿ, ಜೇಬು ಖಾಲಿ ಮಾಡಿಸಿ, ಕೈ ತೊಳೆಸಿ, ಸೀಲು ಇರುವ ಹಲವು ಬಟ್ಟಲುಗಳಿಂದ ಒಂದನ್ನು ಅವನೇ ಆರಿಸಿಕೊಳ್ಳಲು ಬಿಡುತ್ತಾರೆ. ಒಳಗೆ ಅವನೊಬ್ಬನೇ ಹೋಗುತ್ತಾನೆ. ಹೊರಬಂದ ನಾಲ್ಕು ನಿಮಿಷದೊಳಗೆ ಬಟ್ಟಲಿಗೆ ಅಂಟಿಸಿದ ಪಟ್ಟಿ 32ರಿಂದ 38 ಡಿಗ್ರಿ ಸೆಲ್ಸಿಯಸ್ ಶಾಖ ತೋರಿಸಬೇಕು. ತಣ್ಣಗಿದ್ದರೆ ಅದು ಜೇಬಿನಲ್ಲಿ ತಂದ ಬೇರೆ ಯಾರದೋ ಮೂತ್ರ ಇರಬಹುದು. ಅಮೆರಿಕದ ಸಾರಿಗೆ ಇಲಾಖೆಯ ಕ್ರಮದಲ್ಲಿ 45 ಮಿಲಿಲೀಟರ್ ಪಡೆದು 30 ಮತ್ತು 15 ಆಗಿ ಎರಡು ಬಾಟಲಿಗೆ ಹಂಚುತ್ತಾರೆ. ಎರಡನೆಯ ಬಾಟಲಿ ಕಾರ್ಮಿಕನ ಆಸ್ತಿ ಇದ್ದ ಹಾಗೆ. ಮೊದಲನೆಯದರ ಫಲಿತಾಂಶ ಅವನಿಗೆ ಒಪ್ಪಿಗೆಯಾಗದಿದ್ದರೆ ಎರಡನೆಯದನ್ನು ಬೇರೊಂದು ಪ್ರಯೋಗಾಲಯದಲ್ಲಿ ಪರೀಕ್ಷಿಸಲು ಕೇಳಬಹುದು. ಭಾರತದ ಮಾಲೀಕನಿಗೆ ಆ ಕ್ರಮ ಕಡ್ಡಾಯವಲ್ಲ, ಆದರೂ ಎರವಲು ಪಡೆಯಲು ಅದಕ್ಕಿಂತ ಯೋಗ್ಯವಾದದ್ದಿಲ್ಲ. ಬಾಟಲಿಗಳ ಸೀಲಿನ ಮೇಲೆ ಕಾರ್ಮಿಕ ತನ್ನ ಕೈಯಿಂದಲೇ ಸಹಿ ಹಾಕಬೇಕು. ಅಲ್ಲಿಂದ ಪ್ರಯೋಗಾಲಯದ ಮೇಜಿನವರೆಗೆ ಯಾರು ಯಾರಿಗೆ, ಎಷ್ಟು ಹೊತ್ತಿಗೆ ಕೊಟ್ಟರು ಎಂಬುದು ಒಂದೇ ಹಾಳೆಯಲ್ಲಿ ಸಾಗಬೇಕು. ಆ ಹಾಳೆಯಲ್ಲಿ ಒಂದು ಸಹಿ ತಪ್ಪಿದರೂ ಇಡೀ ಪರೀಕ್ಷೆ ವ್ಯರ್ಥ. ಮಹಿಳೆಯರ ಮಾದರಿಯನ್ನು ಮಹಿಳೆಯೇ ಪಡೆಯಬೇಕು ಎಂಬುದನ್ನು ಬೇರೆ ಹೇಳಬೇಕಾಗಿಲ್ಲ, ಆದರೆ ಬರೆದಿರಬೇಕು.

ಕಿಟ್ಟಿನ ಪಟ್ಟಿ ಕೊಡುವುದು ಸಂಶಯ ಮಾತ್ರ, ತೀರ್ಪಲ್ಲ. ಅದು ವಸ್ತುವಿನ ಆಕಾರವನ್ನು ಹೋಲುವ ಬೇರೆ ಔಷಧಿಗಳಿಗೂ ಮೋಸ ಹೋಗುತ್ತದೆ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಕೆಲವು ಕಿಟ್ಟುಗಳಲ್ಲಿ ಅಫೀಮಿನಂತೆ ತೋರುತ್ತದೆ. ನೆಗಡಿಯ ಗುಳಿಗೆಯ ಸ್ಯೂಡೊಎಫಿಡ್ರಿನ್ ಆಂಫೆಟಮಿನ್ ಆಗಿ ಕಾಣಬಹುದು. ಎಚ್‌ಐವಿಗೆ ಕೊಡುವ ಎಫಾವಿರೆಂಜ್ ಕೆಲವು ಕಿಟ್ಟುಗಳಲ್ಲಿ ಗಾಂಜಾ ಆಗಿಬಿಡುತ್ತದೆ. ಗೇಟಿನ ಬಳಿ ನಿಂತು, ಹಾಗಾದರೆ ಯಾವ ಗುಳಿಗೆ ನುಂಗುತ್ತೀಯ ಹೇಳು ಎಂದು ಎಲ್ಲರ ಮುಂದೆ ಗದರಿಸಿದರೆ, ಆ ಕಾರ್ಮಿಕ ಒಂದೋ ಗಾಂಜಾ ಸೇದುವವನೆಂಬ ಕಳಂಕ ಹೊರಬೇಕು, ಇಲ್ಲ ತನ್ನ ಕಾಯಿಲೆಯನ್ನು ಊರಿಗೆ ಸಾರಬೇಕು. ಎಚ್‌ಐವಿ ಸ್ಥಿತಿಯನ್ನು ಬಲವಂತದಿಂದ ಹೊರಹಾಕಿಸುವುದನ್ನು 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ ತಡೆಯುತ್ತದೆ. ಕಿಟ್ಟು ಸಕಾರಾತ್ಮಕ ಎಂದರೆ ಮಾಡಬೇಕಾದದ್ದು ಎರಡೇ. ಅವನನ್ನು ಸದ್ದಿಲ್ಲದೆ, ಸಂಬಳ ಕಡಿಯದೆ, ಅಪಾಯದ ಕೆಲಸದಿಂದ ಬೇರೆ ಕೆಲಸಕ್ಕೆ ಹಾಕಬೇಕು. ಮಾದರಿಯನ್ನು ಎನ್‌ಎಬಿಎಲ್ ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ಕಳಿಸಿ, ವಸ್ತುವಿನ ತೂಕವನ್ನೇ ಗುರುತಿಸಬಲ್ಲ ಮಾಸ್ ಸ್ಪೆಕ್ಟ್ರೋಮೆಟ್ರಿ ವಿಧಾನದಿಂದ ಖಚಿತ ಮಾಡಿಸಬೇಕು.

ಖಚಿತವಾದ ಫಲಿತಾಂಶವೂ ನೇರವಾಗಿ ಮ್ಯಾನೇಜರನ ಮೇಜಿಗೆ ಬರಬಾರದು. ನಡುವೆ ಒಬ್ಬ ವೈದ್ಯರು ಬೇಕು. ಅವರು ಕಾರ್ಮಿಕನನ್ನು ಏಕಾಂತದಲ್ಲಿ ಕರೆದು ಔಷಧ ಚೀಟಿ, ಆಹಾರ, ಕಾಯಿಲೆ ಎಲ್ಲ ಕೇಳಿ, ನ್ಯಾಯವಾದ ಕಾರಣವಿದ್ದರೆ ಮಾಲೀಕನಿಗೆ ನಕಾರಾತ್ಮಕ ಎಂದಷ್ಟೇ ತಿಳಿಸುತ್ತಾರೆ. ಗಸಗಸೆಯ ಉದಾಹರಣೆ ಕನ್ನಡದ ಅಡುಗೆ ಮನೆಗೆ ಹತ್ತಿರದ್ದು. ಗಸಗಸೆ ಅಫೀಮಿನ ಗಿಡದ್ದೇ ಬೀಜ, ಅದರ ಮೇಲೆ ಮಾರ್ಫಿನ್ನಿನ ಲವಲೇಶ ಉಳಿದಿರುತ್ತದೆ. ಹಬ್ಬದಂದು ಎರಡು ಲೋಟ ಗಸಗಸೆ ಪಾಯಸ ಕುಡಿದವನ ಮೂತ್ರದಲ್ಲೂ ಅದು ಸಿಗಬಹುದು. ಇದೇ ಕಾರಣಕ್ಕೆ ಅಮೆರಿಕ 1998ರಲ್ಲಿ ಅಫೀಮು ವರ್ಗದ ಗೆರೆಯನ್ನು ಮಿಲಿಲೀಟರಿಗೆ 300 ನ್ಯಾನೊಗ್ರಾಮಿನಿಂದ 2,000ಕ್ಕೆ ಏರಿಸಿತು. ಮಾರುಕಟ್ಟೆಯ ಅಗ್ಗದ ಕಿಟ್ಟುಗಳಲ್ಲಿ 300ರ ಗೆರೆಯವು ಇನ್ನೂ ಸಿಗುತ್ತವೆ. ಕೊಳ್ಳುವ ಮುಂಚೆ ಪೆಟ್ಟಿಗೆಯ ಮೇಲಿನ ಸಂಖ್ಯೆಯನ್ನು ಓದಬೇಕು.

ಗಾಂಜಾದಲ್ಲಿ ತೊಡಕು ಬೇರೆ ಬಗೆಯದು. ಊದುವ ಯಂತ್ರ ಈ ಹೊತ್ತಿನ ಮದ್ಯವನ್ನು ಅಳೆಯುತ್ತದೆ. ಮೂತ್ರ ಪರೀಕ್ಷೆ ಗಾಂಜಾ ಮೈಯಲ್ಲಿ ಕರಗಿ ಉಳಿಸಿದ ಶೇಷವನ್ನು ಅಳೆಯುತ್ತದೆ. ಅದು ಅಪರೂಪಕ್ಕೆ ಸೇದಿದವನಲ್ಲಿ ಎರಡು ಮೂರು ದಿನ, ನಿತ್ಯ ಸೇದುವವನಲ್ಲಿ ತಿಂಗಳವರೆಗೂ ಇರುತ್ತದೆ. ಫಲಿತಾಂಶ ಸಕಾರಾತ್ಮಕ ಎಂದರೆ ಆ ಕ್ಷಣ ಅವನು ಅಮಲಿನಲ್ಲಿದ್ದ ಎಂದು ಅರ್ಥವಲ್ಲ. ಎಂಜಲಿನ ಪರೀಕ್ಷೆ ಈಚಿನ ಒಂದೆರಡು ದಿನದ ಸೇವನೆಯನ್ನು ತೋರಿಸುವುದರಿಂದ ಕೆಲಸದ ಜಾಗಕ್ಕೆ ಅದೇ ಹೆಚ್ಚು ನ್ಯಾಯ. ಭಂಗಿಯ ಪ್ರಶ್ನೆಯೂ ಇದೆ. 1985ರ ಮಾದಕ ವಸ್ತು ಕಾಯ್ದೆ ಹೂ ಅಥವಾ ಹಣ್ಣಿನ ತುದಿ ಸೇರದ ಎಲೆ ಮತ್ತು ಬೀಜವನ್ನು ಗಾಂಜಾ ಎಂದು ಎಣಿಸುವುದಿಲ್ಲ. ಭಂಗಿ ಆ ಕಾಯ್ದೆಗೆ ಬರುವುದಿಲ್ಲ ಎಂಬ ವಾದವನ್ನು ಕರ್ನಾಟಕ ಹೈಕೋರ್ಟ್ 2022ರಲ್ಲಿ ಜಾಮೀನು ಪ್ರಕರಣವೊಂದರಲ್ಲಿ ಗಣನೆಗೆ ತೆಗೆದುಕೊಂಡಿತು. ಪ್ರಯೋಗಾಲಯಕ್ಕೆ ಭಂಗಿ, ಗಾಂಜಾ ಎರಡೂ ಒಂದೇ. ಆದ್ದರಿಂದ ನಿಯಮದಲ್ಲಿ ಕಾನೂನುಬಾಹಿರ ವಸ್ತು ಸೇವನೆ ಎಂದು ಬರೆಯುವ ಬದಲು, ಇಂತಿಂಥ ವಸ್ತು ಇಷ್ಟು ಪ್ರಮಾಣಕ್ಕಿಂತ ಹೆಚ್ಚು ಮೈಯಲ್ಲಿರುವಾಗ ಇಂಥ ಯಂತ್ರ ನಡೆಸುವಂತಿಲ್ಲ ಎಂದು ಬರೆಯುವುದು ಸರಿ. ಹೋಳಿ ಹುಣ್ಣಿಮೆಯ ಮರುದಿನ ಕ್ರೇನ್ ಹತ್ತುವವನಿಗೆ ಅದು ಮುಂಚೆಯೇ ಗೊತ್ತಿರಲಿ.

ಸಿಕ್ಕಿಬಿದ್ದವನನ್ನು ಏನು ಮಾಡಬೇಕು ಎಂಬುದರಲ್ಲಿ ವಿಮಾನಯಾನದ ನಿಯಮ ಅನುಕರಣೆಗೆ ಯೋಗ್ಯ. ಅಲ್ಲಿ ಮೊದಲ ಸಲ ಖಚಿತವಾದವನನ್ನು ಚಟ ಬಿಡಿಸುವ ಕೇಂದ್ರಕ್ಕೆ ಕಳಿಸುತ್ತಾರೆ, ಎರಡನೆಯ ಸಲ ಪರವಾನಗಿ ಮೂರು ವರ್ಷ ಅಮಾನತು, ಮೂರನೆಯ ಸಲ ರದ್ದು. ಮುನ್ನೂರು ಜೀವಗಳನ್ನು ಆಕಾಶದಲ್ಲಿ ಹೊರುವವನಿಗೇ ಒಂದು ಅವಕಾಶ ಉಂಟಾದರೆ ಟಿಪ್ಪರ್ ಚಾಲಕನಿಗೆ ಏಕಿರಬಾರದು? ಮೊದಲ ದಿನವೇ ವಜಾ ಎಂದು ಬರೆದ ಕಡೆ ಸಹೋದ್ಯೋಗಿಗಳು ಒಬ್ಬರನ್ನೊಬ್ಬರು ಮುಚ್ಚಿಡುತ್ತಾರೆ, ಕುಡಿದವನನ್ನು ಗೆಳೆಯರೇ ಹಿಂಬಾಗಿಲಿನಿಂದ ಒಳಗೆ ಬಿಡುತ್ತಾರೆ. ತಾನಾಗಿ ಬಂದು ಸಹಾಯ ಕೇಳಿದವನಿಗೆ ಶಿಕ್ಷೆ ಇಲ್ಲ ಎಂಬ ಸಾಲು ನಿಯಮದಲ್ಲಿ ಇರಲೇಬೇಕು. ಮಾದಕ ವಸ್ತು ಕಾಯ್ದೆಯ 64ಎ ಕಲಂ ಕೂಡ ತಾನಾಗಿ ಚಿಕಿತ್ಸೆಗೆ ಹೋಗುವ ವ್ಯಸನಿಗೆ ಸೇವನೆಯ ಮತ್ತು ಸಣ್ಣ ಪ್ರಮಾಣದ ಅಪರಾಧದ ಮೊಕದ್ದಮೆಯಿಂದ ರಕ್ಷಣೆ ಕೊಡುತ್ತದೆ. ಮದ್ಯ ಮತ್ತು ಮಾದಕ ವಸ್ತುವಿನ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಯನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆ ಕಾಯಿಲೆಯೆಂದೇ ಎಣಿಸುತ್ತದೆ. ಕಲಬುರಗಿಯಲ್ಲಿ ಜಿಮ್ಸ್ ಆಸ್ಪತ್ರೆ ಇದೆ, ವಿಮೆಯಡಿ ಬರುವ ಕಾರ್ಮಿಕರಿಗೆ ಇಎಸ್‌ಐ ವೈದ್ಯಕೀಯ ಕಾಲೇಜು ಇದೆ. ಫೋನಿನಲ್ಲಿ ಮಾತಾಡಲು ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್‌ನ 14416 ಇದೆ. ಈ ಸಂಖ್ಯೆ ಗೇಟಿನ ಫಲಕದಲ್ಲಿ ದಂಡನೆಯ ಪಟ್ಟಿಗಿಂತ ಮೇಲೆ ಇರಲಿ. ಕೆಲಸದ ಜಾಗದಲ್ಲಿ ವಸ್ತುವೇ ಸಿಕ್ಕರೆ, ಮಾರಾಟ ನಡೆದರೆ ಮಾತು ಬೇರೆ. ಗೊತ್ತಿದ್ದೂ ತನ್ನ ಜಾಗವನ್ನು ಅಂಥದಕ್ಕೆ ಬಿಟ್ಟ ಮಾಲೀಕನೇ ಮಾದಕ ವಸ್ತು ಕಾಯ್ದೆಯ 25ನೇ ಕಲಮಿನಡಿ ಅಪರಾಧಿ. ಆಗ ಪೊಲೀಸರಿಗೆ ತಿಳಿಸಬೇಕು.

ವಜಾದವರೆಗೆ ಹೋಗಲೇಬೇಕಾದಾಗ ಆರೋಪಪಟ್ಟಿ, ವಿವರಣೆಗೆ ಅವಕಾಶ, ಆಂತರಿಕ ವಿಚಾರಣೆ, ವರದಿ ಯಾವುದನ್ನೂ ಹಾರಿಸುವಂತಿಲ್ಲ. ಪ್ರಯೋಗಾಲಯದ ವರದಿ ಅಲ್ಲಿ ಒಂದು ಸಾಕ್ಷ್ಯ ಮಾತ್ರ, ಅದನ್ನು ಪ್ರಶ್ನಿಸುವ ಹಕ್ಕು ಕಾರ್ಮಿಕನದು. ಚಿಕಿತ್ಸೆ ಮುಗಿಸಿ ಬಂದವನಿಗೆ ಕೆಲಸ ಮರಳಿ ಕೊಡುವ ಮುನ್ನ ಒಂದು ನಕಾರಾತ್ಮಕ ಪರೀಕ್ಷೆ, ಆಮೇಲೆ ಕೆಲವು ಕಾಲ ಮುನ್ಸೂಚನೆಯಿಲ್ಲದ ಪರೀಕ್ಷೆಗಳು ಇದ್ದರೆ ಅವನಿಗೂ ಹಿಡಿತ ಸಿಗುತ್ತದೆ.

ಸಣ್ಣ ಮಾಲೀಕರಿಗೆ ಇದೆಲ್ಲ ಭಾರ ಎನಿಸುವುದು ಸಹಜ. ಹತ್ತು ಚಾಲಕರಿರುವವನು ವಿಮಾನಯಾನದ ಶೇ 10ರ ಲೆಕ್ಕ ಹಿಡಿದರೆ ವರ್ಷಕ್ಕೆ ಒಬ್ಬನನ್ನು ಪರೀಕ್ಷಿಸಿದಂತಾಗುತ್ತದೆ, ಅದರಿಂದ ಯಾರೂ ಹೆದರುವುದಿಲ್ಲ. ಅಮೆರಿಕದಲ್ಲಿ ಸಣ್ಣ ಲಾರಿ ಮಾಲೀಕರು ಗುಂಪುಗೂಡಿ ತಮ್ಮೆಲ್ಲ ಚಾಲಕರನ್ನು ಒಂದೇ ಪಟ್ಟಿಗೆ ಸೇರಿಸುತ್ತಾರೆ. 2020ರಿಂದ ಅಲ್ಲಿ ಲಾರಿ ಚಾಲಕರಿಗೆ ಯಾದೃಚ್ಛಿಕ ಮಾದಕ ವಸ್ತು ಪರೀಕ್ಷೆಯ ಪ್ರಮಾಣ ವರ್ಷಕ್ಕೆ ಶೇ 50. ಮಹಾಗಾಂವ, ಕಮಲಾಪುರ ಭಾಗದ ಟಿಪ್ಪರ್ ಮಾಲೀಕರು, ಶಾಲಾ ವಾಹನದವರು ಹಾಗೆಯೇ ಸೇರಿ ಒಬ್ಬ ವೈದ್ಯರನ್ನು, ಒಂದು ಪ್ರಯೋಗಾಲಯವನ್ನು, ಎರಡು ಒಳ್ಳೆಯ ಊದುವ ಯಂತ್ರಗಳನ್ನು ಹಂಚಿಕೊಳ್ಳಲು ಯಾವ ಕಾನೂನೂ ಅಡ್ಡಿಯಿಲ್ಲ. ದಿನವೂ ಬೆಳಿಗ್ಗೆ ಊದಿಸುವುದು, ಅನುಮಾನ ಬಂದಾಗ, ಅಪಘಾತವಾದಾಗ ಮಾತ್ರ ಮೂತ್ರ ಪರೀಕ್ಷೆ ಮಾಡಿಸುವುದು ಅಂಥವರಿಗೆ ಸಾಕಾಗುವ ಆರಂಭ.

ಕೊನೆಯದಾಗಿ ಕಾಗದಗಳು. ಪರೀಕ್ಷೆಯ ವರದಿಯನ್ನು ಸೇವಾ ಕಡತದಲ್ಲಿ ಇಡದೆ ಬೇರೆ ಬೀರುವಿನಲ್ಲಿ ಬೀಗ ಹಾಕಿ ಇಡಬೇಕು, ಬೀಗದ ಕೈ ಯಾರ ಬಳಿ ಎಂದು ಬರೆದಿರಬೇಕು. ವರದಿಯ ಫೋಟೊ ಮೇಲ್ವಿಚಾರಕರ ವಾಟ್ಸ್ಆ್ಯಪ್ ಗುಂಪಿಗೆ ಹೋದರೆ ಅಲ್ಲಿಗೆ ಗೋಪ್ಯತೆ ಮುಗಿಯಿತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿವೆ, ಮುಖ್ಯ ಹೊಣೆಗಾರಿಕೆಗಳು ಅಲ್ಲಿಂದ 18 ತಿಂಗಳಿಗೆ ಜಾರಿಯಾಗುತ್ತವೆ. ಉದ್ಯೋಗದ ಉದ್ದೇಶಕ್ಕೆ ದತ್ತಾಂಶ ಬಳಸಲು ಆ ಕಾಯ್ದೆ ಮಾಲೀಕನಿಗೆ ಅವಕಾಶ ಕೊಟ್ಟಿದೆ. ಅದನ್ನು ಕಾಪಾಡದೆ ಸೋರಲು ಬಿಟ್ಟರೆ 250 ಕೋಟಿ ರೂಪಾಯಿವರೆಗೆ ದಂಡ ಹಾಕುವ ಅವಕಾಶವನ್ನೂ ಇಟ್ಟಿದೆ. ನಕಾರಾತ್ಮಕ ವರದಿಗಳನ್ನು ಬೇಗ, ಸಕಾರಾತ್ಮಕವಾದವನ್ನು ವಿಚಾರಣೆ ಮತ್ತು ಮೇಲ್ಮನವಿಯ ಅವಧಿ ಮುಗಿದ ಮೇಲೆ ನಾಶ ಮಾಡುವ ದಿನಾಂಕ ನಿಯಮದಲ್ಲೇ ಇರಬೇಕು. ನಾಶ ಮಾಡಿದ ದಿನ ಕಾರ್ಮಿಕ ಪ್ರತಿನಿಧಿಯ ಸಹಿಯನ್ನೂ ರಿಜಿಸ್ಟರಿನಲ್ಲಿ ಪಡೆಯಬೇಕು.